ಅರ್ಧಕ್ಕೆ ಬಿಟ್ಟ ಚೆನ್ನೆಯಾಟ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಹೋದಾಗ ಭೂತದ ಕೋಲಕ್ಕೆ ಕೈಮುಗಿದು ಬರುತ್ತಿದ್ದೆ, ಅದು ಭಕ್ತಿಯ ಮಾತು, ಬೇರೆ. ಆದರೆ ಯಾರಾದರೂ ಇಟ್ಟ ವಸ್ತು ತಾನಾಗಿ ಸರಿದಿತ್ತು ಎಂದು ಶುರುಮಾಡಿದರೆ, ನಿಮ್ಮ ಮನೆಯಲ್ಲಿ ಬೆಕ್ಕು ಉಂಟಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ, ಬೇಜಾರಿಲ್ಲ. ನಮ್ಮಲ್ಲಿ ಬೆಕ್ಕು ಇರಲಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಎರಡು ಸಾವಿರದ ಇಸವಿಯ ಆಚೀಚೆ. ಮದರಾಸಿನ ಮೈಲಾಪೂರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಅಪ್ಪ ಬ್ರಹ್ಮಾವರದ ಕಡೆಯಿಂದ ಬಂದು ಹಾಕಿದ್ದು. ಅವರ ನಂತರ ಗಲ್ಲಾದಲ್ಲಿ ನಾನು, ಅಡುಗೆಮನೆಯಲ್ಲಿ ತಮ್ಮ ಸುಧಾಕರ. ಇಬ್ಬರ ಸಂಸಾರಕ್ಕೂ ಒಂದೇ ಮನೆ, ಒಂದೇ ಒಲೆ. ಆ ವರ್ಷ ತಾಂಬರಂ ಸ್ಟೇಷನ್ ಹತ್ತಿರ ಇನ್ನೊಂದು ಹೋಟೆಲು ತೆರೆಯುವುದೆಂದು ಮಾತಾಗಿತ್ತು. ಅವನು ಅಲ್ಲಿ, ನಾನು ಇಲ್ಲಿ. ಪಾಲು, ಪತ್ರ ಅಂತ ಏನೂ ಇಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಂಬಿಕೊಂಡೇ ಎರಡನ್ನೂ ನಡೆಸಬೇಕಿತ್ತು.

ನನಗೆ ಮೊದಲಿನಿಂದಲೂ ಒಂದು ಹುಚ್ಚು, ಹಳೆಯ ಆಟದ ಸಾಮಾನು ತಂದು ಸರಿಮಾಡುವುದು. ಬಾಗಿದ ಕೇರಂ ಬೋರ್ಡು, ಕಿವಿ ಮುರಿದ ಚದುರಂಗದ ಕುದುರೆ, ಕೀಲಿ ತಿರುಗಿಸಿದರೆ ಓಡುವ ತಗಡಿನ ಬಸ್ಸು. ಕಳೆದುಹೋದ ಕೀಲಿಯನ್ನು ಅರದಲ್ಲಿ ಉಜ್ಜಿ ನಾನೇ ಮಾಡುತ್ತಿದ್ದೆ. ಹೋಟೆಲಿನ ಮೇಲಿನ ಸಣ್ಣ ಕೋಣೆ ಪೂರ್ತಿ ಇದೇ ಸಂತೆ. ನನ್ನ ಹೆಂಡತಿ ಅದನ್ನು ಗುಜರಿ ಕೋಣೆ ಎಂದೇ ಕರೆಯುತ್ತಿದ್ದಳು.

ಒಂದು ದಿನ ಹಳೇ ಸಾಮಾನಿನ ಅಂಗಡಿಯವನು ಹಸಿರು ಎನಾಮಲ್ ಬಳಿದ ಮಣೆಯೊಂದನ್ನು ಎತ್ತಿ, "ಪಲ್ಲಾಂಗುಳಿ ಸಾರ್, ಎಡುತ್ತುಕ್ಕೋಂಗ" ಎಂದು, ತೆಗೆದುಕೊಳ್ಳಲೇಬೇಕು ಎಂಬಂತೆ ಕೈಗೆ ತುರುಕಿದ. ತಂದು ಬಣ್ಣ ಕೆರೆದೆ. ಕೆಳಗೆ ಹಳದಿ ಹಲಸಿನ ಮರ. ಬಿರುಕಿಗೆ ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿ, ಉಪ್ಪು ಕಾಗದದಲ್ಲಿ ಉಜ್ಜಿ, ಎಣ್ಣೆ ಕುಡಿಸಿದೆ. ನೋಡಿದರೆ ನಮ್ಮ ಅಜ್ಜಿಮನೆಯ ಚೆನ್ನೆಮಣೆಯೇ ಎದುರು ಬಂದ ಹಾಗಿತ್ತು. ಎರಡು ಸಾಲು ಗುಳಿ, ಆಚೆ ಒಬ್ಬರದು, ಈಚೆ ಒಬ್ಬರದು. ಒಂದು ಗುಳಿಯ ಕಾಯಿಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವ ಆಟ. ಊರಿನಿಂದ ಕೆಂಪು ಮಂಜೊಟ್ಟಿ ಕಾಯಿಗಳನ್ನೂ ತರಿಸಿದೆ.

ಚೆನ್ನೆಗೆ ನಮ್ಮ ಕಡೆ ಕಟ್ಟಲೆ ಉಂಟು. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು, ಆಟವನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ಸುಧಾಕರನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮದರಾಸಿನಲ್ಲಿ ಎಂತ ಕಟ್ಟಲೆ ಎಂದು ಇಬ್ಬರೂ ನಕ್ಕು ಕೂತೆವು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಹೋಟೆಲಿನವರಿಗೆ ಒಂದಿಷ್ಟು ಬಿಡುವು. ಆಟ ರಂಗೇರುವ ಹೊತ್ತಿಗೆ ಕೆಳಗಿನಿಂದ ಬೋಂಡಾ ಹಿಟ್ಟಿಗೆ ಕರೆ ಬರುತ್ತಿತ್ತು. ಮಣೆಯನ್ನು ಇದ್ದಲ್ಲೇ ಬಿಟ್ಟು ಇಳಿಯುತ್ತಿದ್ದೆವು.

ಮೊದಲ ದಿನ ನಾನು ಆಡಬೇಕಾದಲ್ಲಿ ನಿಲ್ಲಿಸಿದ್ದೆವು. ಮರುದಿನ ಹೋಗಿ ಕೂತರೆ ನನ್ನ ಆಟ ಆಗಿಹೋಗಿತ್ತು. ಒಂದು ಗುಳಿ ಬರಿದು, ಮುಂದಿನವುಗಳಲ್ಲಿ ಒಂದೊಂದು ಕಾಯಿ ಹೆಚ್ಚು. ಕೈತಗಲಿ ಚೆಲ್ಲಿದ್ದಲ್ಲ, ಲೆಕ್ಕ ಹಾಕಿ ಆಡಿದ್ದು. ಅದೂ ನನಗೆ ಹೊಳೆಯದಂಥ ಒಳ್ಳೆಯ ಆಟ.

"ನಾನು ಇಲ್ಲದಾಗ ಆಡಿಟ್ಟೆಯಾ ಅಣ್ಣಯ್ಯ?" ಎಂದ ಸುಧಾಕರ, ನಗುತ್ತಲೇ.

"ನಾನೆಂತಕ್ಕೆ ಆಡಲಿ ಮಾರಾಯ? ನೀನೇ ತಮಾಷೆಗೆ ಮಾಡಿರಬೇಕು" ಎಂದೆ.

ಮತ್ತೆ ಹಾಗೇ ಆಯಿತು. ಪ್ರತಿ ಸಲವೂ ನನ್ನ ಪಾಳಿ, ಪ್ರತಿ ಸಲವೂ ನನಗೇ ಲಾಭ. ಅವನ ನಗು ಕಡಿಮೆಯಾಯಿತು. ನಾನೂ ಅವನನ್ನು ಓರೆಗಣ್ಣಿನಲ್ಲಿ ನೋಡತೊಡಗಿದೆ. ನನ್ನನ್ನು ಮಂಗ ಮಾಡುತ್ತಿದ್ದಾನೆ, ಆಮೇಲೆ ಮನೆಯವರೆದುರು ಹೇಳಿ ನಗುತ್ತಾನೆ ಎಂದು ನನ್ನ ಅನುಮಾನ. ಕೆಲಸದವರು ಯಾರಾದರೂ ಇರಬಹುದೇ ಎಂದರೆ ಅವರೆಲ್ಲ ತಮಿಳರು, ಅವರ ಪಲ್ಲಾಂಗುಳಿಯ ಕ್ರಮ ಬೇರೆ, ನಮ್ಮ ಕಡೆಯ ಆಟದ ಕ್ರಮ ಅವರಿಗೆ ತಿಳಿಯದು. ಮನೆಯವರು ಹೋಟೆಲಿನ ಮೇಲಕ್ಕೆ ಬರುವುದೇ ಇಲ್ಲ.

ಕೊನೆಗೆ ಸುಧಾಕರನೇ ಹೊಸ ಬೀಗ ತಂದ. ಆಟ ನಿಲ್ಲಿಸಿ, ಕಿಟಕಿ ಹಾಕಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ. ಮರುದಿನ ಅವನೇ ತೆಗೆದ, ನಾನು ಹಿಂದೆ ನಿಂತಿದ್ದೆ. ನನ್ನ ಆಟ ಆಗಿತ್ತು. ಅವನು ಮಣೆಯನ್ನು ನೋಡಲಿಲ್ಲ, ತಿರುಗಿ ನನ್ನ ಮುಖ ನೋಡಿದ. ಆ ನೋಟ ಈಗಲೂ ಚುಚ್ಚುತ್ತದೆ.

"ಕೀಲಿ ಮಾಡುವುದು ನಿಂಗೆ ಗೊತ್ತುಂಟಲ್ಲ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕೀಲಿ ಇದ್ದದ್ದು ಅವನ ಸೊಂಟದಲ್ಲಿ, ಕಳ್ಳ ನಾನೇ? ಬಾಯಿಗೆ ಬಂದದ್ದು ಅಂದೆ. ಅವನೂ ಬಿಡಲಿಲ್ಲ. ಒಂದು ಮರದ ಮಣೆಯ ಮುಂದೆ ನಿಂತು ಮಾತು ಎಲ್ಲಿಗೋ ಹೋಯಿತು. "ಹಾಗಾದರೆ ತಾಂಬರಂ ಹೋಟೆಲು ಬೇರೆಯೇ ಇರಲಿ ಅಣ್ಣಯ್ಯ, ಒಲೆಯೂ ಬೇರೆ ಆಗಲಿ" ಎಂದುಬಿಟ್ಟ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನಾನು ಮಾಡಿಲ್ಲ ಎಂಬುದು ನನಗೆ ಗೊತ್ತು. ಮಣೆ ತಾನಾಗಿ ಆಡುವುದಿಲ್ಲ ಎಂದು ಹಟ ಹಿಡಿದರೆ ತಮ್ಮ ಸುಳ್ಳುಗಾರ ಆಗಲೇಬೇಕು. ತಮ್ಮ ನಿಜ ಹೇಳುತ್ತಿದ್ದಾನೆ ಎಂದರೆ, ಇಷ್ಟು ವರ್ಷ ಯಾವುದಕ್ಕೆ ನಗುತ್ತ ಬಂದೆನೋ ಅದನ್ನು ಒಪ್ಪಬೇಕು. ನಡುವೆ ಬೇರೆ ದಾರಿ ನನಗೆ ಕಾಣಲಿಲ್ಲ.

"ಆಣೆ ಹಾಕ್ತೀಯಾ?" ಎಂದು ಕೇಳಿದ. ಅಮ್ಮನ ಆಣೆ ಹಾಕಿದೆ. ಅವನನ್ನೂ ಕೇಳಿದೆ. ಅವನೂ ಹಾಕಿದ. ಆಮೇಲೆ ನಾನು ಗೆಲ್ಲುತ್ತಿದ್ದ ಆಟವನ್ನು ಅಂಗೈಯಲ್ಲಿ ಒರೆಸಿ ಕಾಯಿಗಳನ್ನೆಲ್ಲ ಡಬ್ಬಿಗೆ ಸುರಿದೆ. "ನೀನು ಮಾಡಿಲ್ಲ ಅಂದ್ರೆ ಮಾಡಿಲ್ಲ, ಮುಗೀತು" ಎಂದೆ. ಅವನು "ಆಯ್ತು ಅಣ್ಣಯ್ಯ" ಎಂದು ಕೆಳಗಿಳಿದ. ಒಲೆ ಒಂದೇ ಉಳಿಯಿತು. ತಾಂಬರಂ ಹೋಟೆಲು ನಮ್ಮಿಬ್ಬರ ಹೆಸರಿನಲ್ಲೇ ಶುರುವಾಯಿತು.

ಮಣೆ ಮತ್ತೆ ಹೊರಗೆ ಬರಲಿಲ್ಲ. ತಮ್ಮನಿಗೋಸ್ಕರ ನಾನು ನಂಬದ್ದನ್ನು ನಂಬಿದೆ, ದೊಡ್ಡವನು ಎಂಬ ಮಾತು ಉಳಿಸಿಕೊಂಡೆ ಎಂದು ಒಳಗೊಳಗೇ ನನಗೊಂದು ಸಮಾಧಾನ ಇತ್ತು.

ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ತಾಂಬರಂನಲ್ಲಿ ಊಟ ಮುಗಿಸಿ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಮಾತು ಅದೆಲ್ಲಿಂದಲೋ ಚೆನ್ನೆಗೆ ಬಂತು. ಆ ಮಣೆಯಲ್ಲಿ ಏನೋ ಇತ್ತು ಕಾಣು, ಎಂದೆ ನಾನು. ಸುಧಾಕರ ಲೋಟ ಕೆಳಗಿಟ್ಟು ಪ್ರೀತಿಯಿಂದಲೇ ನಕ್ಕ.

"ಹೋಗಲಿ ಬಿಡು ಅಣ್ಣಯ್ಯ. ನೀನೇ ಆಡಿಟ್ಟದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು. ಗೆಲ್ಲುವ ಆಸೆ ಯಾರಿಗಿಲ್ಲ ಹೇಳು. ಅಮ್ಮನ ಮೇಲೆ ಸುಳ್ಳು ಆಣೆ ಹಾಕಿದೆಯಲ್ಲ, ಅದೊಂದು ಬೇಜಾರು ಇತ್ತು. ಈಗ ಅದೂ ಇಲ್ಲ."

ನಾನಲ್ಲ ಎನ್ನಲು ಬಾಯಿ ತೆರೆದೆ. ಅವನು ನನ್ನ ಭುಜ ತಟ್ಟಿ ಎದ್ದು ಅಡುಗೆಮನೆಗೆ ಹೋದ. ಕ್ಷಮಿಸಿ ಆಗಿರುವವನ ಹತ್ತಿರ ವಾದ ಮಾಡುವುದು ಹೇಗೆ? ಅವನು ನಿಜವಾಗಿಯೂ ಹಾಗೆ ನಂಬಿದ್ದನೋ, ತಾನು ಮಾಡಿದ್ದನ್ನು ನಗುತ್ತ ನನ್ನ ತಲೆಗೆ ಕಟ್ಟಿ ಹಗುರಾದನೋ, ಅದೂ ತಿಳಿಯಲಿಲ್ಲ. ಎರಡೂ ಅಲ್ಲದೆ ಮೂರನೆಯದೊಂದು ಇದ್ದರೆ ಅದು ಏನು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಆ ಕಾಯಿಗಳನ್ನು ಮುಟ್ಟಿರಲಿಲ್ಲ. ನೀವು ನಂಬಿದರೂ ಒಂದೇ, ಬಿಟ್ಟರೂ ಒಂದೇ. ನಂಬಬೇಕಾಗಿದ್ದವನು ಅವನೊಬ್ಬ, ಅವನು ನನ್ನನ್ನು ಕ್ಷಮಿಸಿಬಿಟ್ಟಿದ್ದಾನೆ.