ಪರದೆಯ ಕೆಳಗಿನ ಅರ್ಧ

ಅಡುಗೆಮನೆಯ ನೆಲದ ಮೇಲೆ ಕೂತು, ನೆನೆಹಾಕಿದ್ದ ಅವರೆಕಾಳನ್ನು ಹಿಸುಕುತ್ತಿದ್ದೆ. ಆಗ ಮೈದುನನ ಫೋನ್ ಬಂತು. ಹೊಸ ಕಂಪ್ಯೂಟರ್ ಜೋಡಿಸಿದ ಮೇಲೆ ಪರದೆಗಳು ಬೆಳಗದೇ ಹೋಗಿದ್ದಕ್ಕೆ, ಬೆಳಿಗ್ಗೆ ಅವನೇ ಅದನ್ನು ಎಸ್.ಪಿ. ರೋಡಿನ ಅಂಗಡಿಗೆ ಒಯ್ದಿದ್ದ. ಒದ್ದೆ ಕೈಯಲ್ಲೇ ಸ್ಪೀಕರಿಗೆ ಹಾಕಿದೆ.

"ಅತ್ತಿಗೆ, ಅಣ್ಣ ಪಕ್ಕದಲ್ಲಿದಾನಾ?"

ಇಲ್ಲ, ಗವಿಪುರದ ದೇವಸ್ಥಾನಕ್ಕೆ ಹೋಗಿದ್ದಾರೆ ಎಂದೆ.

"ಒಳ್ಳೇದಾಯ್ತು. ಬೋರ್ಡು ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಕಾರ್ಡು ಕೂರೋ ಸಂದೀಲಿ ಅಕ್ಷತೆ ಸಿಕ್ಕಿಹಾಕ್ಕೊಂಡಿತ್ತು, ಅಷ್ಟೆ. ಸಂದಿಯ ಆಚೆ ತುದಿ ಚೊಕ್ಕವಾಗಿದೆ ಅತ್ತಿಗೆ. ಅಣ್ಣನ ಕಡೆಗಿದ್ದ ತುದೀಲಿ ಮಾತ್ರ ಹಾಗೇ ಇದೆ. ಬೋರ್ಡು ಕಪ್ಪು, ಅಕ್ಷತೆ ಕೆಂಪು. ಅಂಗಡಿಯವ್ರಿಗೆ ಕಾರ್ಡು ತೆಗೆದ ತಕ್ಷಣ ಕಾಣ್ತು. ಅಣ್ಣಂಗೆ ಹೇಗೆ ಕಾಣ್ಲಿಲ್ಲ?"

ಬೋರ್ಡು ಕೆಟ್ಟಿಲ್ಲವಲ್ಲ ಎಂದು ಮೊದಲು ಈಶ್ವರನಿಗೆ ಕೈಮುಗಿದೆ. ಆಮೇಲೆ ಅವನ ಪ್ರಶ್ನೆಯನ್ನು ಇನ್ನೊಮ್ಮೆ ನನಗೆ ನಾನೇ ಕೇಳಿಕೊಂಡೆ.

ನಮ್ಮ ಯಜಮಾನರದು ಪಂಚಾಂಗದ ಪುಟ ಕಟ್ಟುವ ಕೆಲಸ. ಚಾಮರಾಜಪೇಟೆಯ ಪ್ರೆಸ್ಸುಗಳಿಗೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಜೋಡಿಸಿಕೊಡುತ್ತಾರೆ. ತಿಥಿ, ನಕ್ಷತ್ರ, ಯೋಗ, ಕರಣ, ರಾಹುಕಾಲ, ಒಂದೊಂದು ಪುಟದಲ್ಲೂ ಇರುವೆ ಸಾಲಿನಂತೆ ಅಂಕಿಗಳು. ಒಂದು ಗೆರೆ ತಪ್ಪಿದರೆ ಯಾರದೋ ಮನೆಯಲ್ಲಿ ಉಪವಾಸದ ದಿನವೇ ತಪ್ಪುತ್ತದೆ ಎಂದು ಅವರಿಗೆ ಭಯ. ಆ ಭಯದಿಂದಲೇ ಇಷ್ಟು ವರ್ಷ ಕೆಲಸ ಉಳಿದದ್ದು. ಈಚೆಗೆ ಮಾತ್ರ ತಪ್ಪಿವೆ ಎಂದು ಪ್ರೆಸ್ಸಿನಿಂದ ಪುಟಗಳು ವಾಪಸು ಬರತೊಡಗಿದ್ದವು. ಪರದೆ ಚಿಕ್ಕದಾಯಿತು, ಎಲ್ಲಾ ಒಟ್ಟಿಗೆ ಕಾಣುವುದಿಲ್ಲ ಎಂದು ಇವರು ಹೊಸ ಕಂಪ್ಯೂಟರಿನ ಮಾತೆತ್ತಿದರು. ಅದಕ್ಕೆ ನಾಲ್ಕು ಪರದೆ ಬೇಕೆಂದರು.

"ನಾಲ್ಕು ಯಾಕಣ್ಣ, ವಿಮಾನ ಹಾರಿಸ್ತೀಯಾ?" ಎಂದು ಮೈದುನ ನಕ್ಕ. ಇವರು ನಗಲಿಲ್ಲ.

ಅಂಗಡಿಯಲ್ಲಿ ಜೋಡಿಸಿಟ್ಟದ್ದು ಬೇಡ, ಒಂದೊಂದನ್ನೂ ತಾವೇ ಆರಿಸಿ ತಾವೇ ಕೂರಿಸಬೇಕು ಎಂದು ಹಠ. ಆ ದಿನಗಳಲ್ಲಿ ಊಟಕ್ಕೆ ಕೂತರೂ ಬೋರ್ಡಿನದೇ ಮಾತು. ನನಗೂ ಅಷ್ಟಿಷ್ಟು ತಿಳಿಯಿತು. ಮದರ್‌ಬೋರ್ಡ್ ಎಂದರೆ ಒಲೆಯ ಕಟ್ಟೆ ಇದ್ದ ಹಾಗೆ, ಎಲ್ಲವೂ ಅದರ ಮೇಲೆಯೇ ಕೂರಬೇಕು. ಬೋರ್ಡಿನ ಬೆನ್ನಲ್ಲೇ ಪರದೆಯ ತಂತಿ ಚುಚ್ಚಲು ಎರಡು ಕಿಂಡಿ ಇರುತ್ತವಂತೆ, ಅಷ್ಟಕ್ಕೆ ಎರಡು ಪರದೆ ನಡೆಯುತ್ತದೆ. ನಾಲ್ಕು ಬೇಕಾದರೆ ಗ್ರಾಫಿಕ್ಸ್ ಕಾರ್ಡು ಬೇರೆ ಬೇಕು. ಆಟ ಆಡುವವರ ಕಾರ್ಡು ಉದ್ದ, ಬಿಸಿ ಜಾಸ್ತಿ, ಫ್ಯಾನಿನ ಸದ್ದೂ ಜಾಸ್ತಿ. ನಮ್ಮ ಪೆಟ್ಟಿಗೆಯಲ್ಲಿ ಹಿಡಿಯುವುದೂ ಇಲ್ಲ. ಅಂಕಿ ನೋಡುವುದಕ್ಕೆ ಅದೆಲ್ಲ ಯಾಕೆ, ನಾಲ್ಕು ಕಿಂಡಿಯ ಗಿಡ್ಡ ಕಾರ್ಡು ಒಂದೇ ಸಾಕು ಎಂದು ಮೈದುನನ ವಾದ. ಇವರು ಅದಕ್ಕೆ ಒಪ್ಪಿದರೂ, ಬೋರ್ಡು ಮಾತ್ರ ಎರಡು ಕಾರ್ಡು ಕೂರುವಂಥದ್ದೇ ಆಗಬೇಕೆಂದರು. ಮುಂದೆ ಇನ್ನೂ ಪರದೆ ಬೇಕಾಗಬಹುದು ಎಂದರು. ಆ ಮಾತು ನನಗೆ ಆಗಲೇ ಸರಿ ಕಾಣಲಿಲ್ಲ. ಎಷ್ಟು ಪರದೆ ಬಂದರೆ ಇವರಿಗೆ ಸಾಕಾಗುತ್ತದೆ?

ಸಾಮಾನು ಬಂದ ದಿನ ಅತ್ತೆಯವರು ಪೂಜೆಯಾಗದೆ ಮುಟ್ಟಬೇಡಿ ಎಂದರು. ಹೊಸ ಸೈಕಲ್ಲಿರಲಿ, ಮಿಕ್ಸಿಯಿರಲಿ, ನಮ್ಮ ಮನೆಯಲ್ಲಿ ಅಕ್ಷತೆ ಬೀಳದೆ ಯಾವುದೂ ಕೆಲಸಕ್ಕೆ ಇಳಿಯುವುದಿಲ್ಲ. ಇವರು ಅವಸರಕ್ಕೆ ಬೋರ್ಡನ್ನು ಆಗಲೇ ಡಬ್ಬದಿಂದ ತೆಗೆದು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟಿದ್ದರು. ಅತ್ತೆಯವರ ಕೈ ಧಾರಾಳ. ಡಬ್ಬಕ್ಕೆ ಬೀಳಬೇಕಾದ ಅಕ್ಷತೆ, ಕುಂಕುಮ ಸಮೇತ ಬೋರ್ಡಿನ ಮೇಲೆ ಸುರಿಯಿತು. "ಅಯ್ಯೋ ಅಮ್ಮಾ" ಎಂದು ಮೈದುನ ತಲೆ ಚಚ್ಚಿಕೊಂಡ. ಇವರೇ ಸಮಾಧಾನ ಮಾಡಿ, ಕಿಟಕಿಯ ಬೆಳಕಿಗೆ ಬಾಗಿ ಒಂದೊಂದೇ ಕಾಳನ್ನು ಚಿಮಟದಲ್ಲಿ ಆರಿಸಿದರು. ಎಲ್ಲಾ ತೆಗೆದೆ ಎಂದು ಕಾರ್ಡನ್ನು ಒತ್ತಿ ಕೂರಿಸಿದರು.

ಅದು ಮಟಮಟ ಮಧ್ಯಾಹ್ನ. ಬೆಳಕು ಬೇಕಾದಷ್ಟಿತ್ತು.

ಫೋನ್ ಇಟ್ಟ ಮೇಲೆ ಅವರೆಕಾಳಿಗೆ ಕೈ ಹಾಕಲಾಗಲಿಲ್ಲ. ಇವರು ಒಬ್ಬರೇ ಹೊರಗೆ ಹೋಗಿದ್ದಾರೆ ಎಂಬುದೊಂದೇ ತಲೆಯಲ್ಲಿ ಕೂತಿತು. ಈಚೆಗೆ ಹೊಸಿಲಿಗೆ ಕಾಲು ತಾಗಿ ಎಡವಿದ್ದು, ಮೆಟ್ಟಿಲ ಮೇಲಿದ್ದ ಹಾಲಿನ ಪಾಕೆಟ್ ತುಳಿದದ್ದು, ಎಲೆಯ ಕೆಳಬದಿಗೆ, ಅವರ ಮುಂದೆಯೇ ಬಡಿಸಿದ ಪಲ್ಯವನ್ನು ಹಾಗೇ ಬಿಟ್ಟು ಎದ್ದದ್ದು, ಒಂದೊಂದಾಗಿ ನೆನಪಿಗೆ ಬಂದವು. ದೇವಸ್ಥಾನದ ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಇಷ್ಟು ವರ್ಷಕ್ಕಾದರೂ ನಾಲ್ಕು ಜನರ ಮುಂದೆ ಹೆಂಡತಿಯನ್ನು ಮುಟ್ಟುವ ಧೈರ್ಯ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಗೇಟಿನ ಸದ್ದಾದಾಗ ಗಂಗಾಧರೇಶ್ವರನ ಹೆಸರು ಹೇಳಿ ಉಸಿರು ಬಿಟ್ಟೆ. ವಿಭೂತಿ ಹಚ್ಚಿಕೊಂಡು, ಪ್ರಸಾದದ ಹೂವು ಹಿಡಿದು ಬಂದರು. ಬಾಗಿಲ ಬಳಿ ಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿ ಹೊಸಿಲು ದಾಟಿದರು. ನೀರಿನಲ್ಲಿ ನಡೆಯುವವರ ಹಾಗೆ. ಎಂದಿನಿಂದ ಹೀಗೆ ನಡೆಯುತ್ತಿದ್ದಾರೋ, ನಾನು ನೋಡಿದ್ದು ಅಂದೇ. ಆಗ ನಾನು ಏನೂ ಕೇಳಲಿಲ್ಲ. ಅತ್ತೆಯವರು ಪಕ್ಕದಲ್ಲೇ ಇದ್ದರು. ತಮ್ಮ ಅಕ್ಷತೆಯಿಂದಲೇ ಪರದೆ ಬೆಳಗಲಿಲ್ಲವೆಂದು ತಿಳಿದರೆ ಆ ಜೀವ ಊಟ ಬಿಡುತ್ತಿತ್ತು.

ಸಂಜೆ ಮೈದುನ ಪೆಟ್ಟಿಗೆ ತಂದು ಪರದೆಗಳಿಗೆ ಜೋಡಿಸಿಕೊಟ್ಟು ಹೋದ. ನಾಲ್ಕೂ ಒಟ್ಟಿಗೆ ಬೆಳಗಿದವು. ಇವರು ಕೂತು ಪಂಚಾಂಗದ ಪುಟಗಳನ್ನು ತೆರೆದು ಹರಡತೊಡಗಿದರು. ನಾನು ಕಾಫಿ ಹಿಡಿದು ಹಿಂದೆ ನಿಂತಿದ್ದೆ. ಒಂದೊಂದು ಪುಟವನ್ನೂ ಎಳೆದು ಪರದೆಯ ಮೇಲಿನ ಅರ್ಧಕ್ಕೆ ತಂದು ನಿಲ್ಲಿಸುತ್ತಿದ್ದರು. ನಾಲ್ಕೂ ಪರದೆಗಳಲ್ಲಿ ಕೆಳಗಿನ ಅರ್ಧ ಬರೀ ನೀಲಿ. ಒಂದು ಪೂರ್ತಿ ಪುಟ ಹಿಡಿಯುವ ಪರದೆಯಲ್ಲಿ ಅರ್ಧ ಪುಟ ಮಾತ್ರ. ನಾಲ್ಕು ಪರದೆ ಯಾಕೆ ಬೇಕಿತ್ತೆಂದು ಆಗ ನನಗೆ ಅರ್ಥವಾಯಿತು.

"ರೀ, ಕೆಳಗಡೆ ಯಾಕೆ ಖಾಲಿ ಬಿಡ್ತೀರಾ?"

ಮೌಸ್ ಹಿಡಿದ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ಕೆಳಗಿಟ್ರೆ ಕಳೆದುಹೋಗುತ್ತೆ ಕಣೆ."

"ಎಷ್ಟು ದಿನದಿಂದ?"

"ಗೊತ್ತಾಗ್ಲಿಲ್ಲ. ಪರದೆದೇ ದೋಷ ಅನ್ಕೊಂಡಿದ್ದೆ. ಆಮೇಲೆ ಹಾಗೆ ಅನ್ಕೊಳ್ಳೋದೇ ಅಭ್ಯಾಸ ಆಯ್ತು."

ಅತ್ತೆಯವರಿಗೆ ಹೇಳಬೇಡ ಎಂದರು. ಹೇಳಲಿಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ಕನ್ನಡಕ ಬದಲಾಯಿಸಲು ಹೋಗುತ್ತಿದ್ದೇವೆ ಎಂದು ಹೊರಟೆವು.

ಅಲ್ಲಿ ಒಂದು ಕತ್ತಲೆ ಕೋಣೆ. ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಿ ಎಂದರು. ನನಗೆ ಚುಕ್ಕಿಗಳು ಕಾಣುತ್ತಿರಲಿಲ್ಲ, ಗುಂಡಿಯ ಸದ್ದು ಮಾತ್ರ ಕೇಳುತ್ತಿತ್ತು. ಟಿಕ್, ಟಿಕ್ ಎಂದು ಬಂದು, ಆಮೇಲೆ ನಿಂತುಬಿಡುತ್ತಿತ್ತು. ಯಂತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಒಳಗೆ ಚುಕ್ಕಿಗಳು ಮೂಡುತ್ತಲೇ ಇವೆ, ಇವರು ಕಾಯುತ್ತಲೇ ಇದ್ದಾರೆ. ನಾನು ಪಂಚಾಕ್ಷರಿ ಜಪಿಸಲು ನೋಡಿದೆ. ಮುಂದಿನ ಸದ್ದಿಗೆ ಕಿವಿಗೊಟ್ಟು, ಜಪ ನಡುವೆಯೇ ನಿಂತುಹೋಗುತ್ತಿತ್ತು.

ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ನೋವಿಲ್ಲದ್ದರಿಂದ ತಿಳಿದಿಲ್ಲ ಎಂದರು ಡಾಕ್ಟರಮ್ಮ. ಕೆಳಗಿನ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ. ಇರುವುದನ್ನು ಹನಿ ಔಷಧಿಯಿಂದ ಉಳಿಸಿಕೊಳ್ಳಲು ನೋಡಬೇಕು. ಉಳಿಯುತ್ತದಾ ಎಂದು ನಾನು ಕೇಳಿದೆ. "ನೋಡೋಣಮ್ಮ" ಎಂದರು.

ಇವರ ಮುಂದೆ ಅಳದೆ ಇದ್ದೆ, ಅದೊಂದು ದೇವರ ದಯೆ. ಮೇಲಿನ ಅರ್ಧ ಇನ್ನೂ ಇದೆ, ಅದು ಇನ್ನೊಂದು. ಬಾಗಿ ನೋಡಿದರೆ ನನ್ನ ಮುಖ ಪೂರ್ತಿ ಕಾಣುತ್ತದಂತೆ. ಆಟೋದಲ್ಲಿ ಅವರೇ ಹೇಳಿದರು. ಮೈದುನ ಪರದೆಗಳನ್ನು ಗೋಡೆಗೆ ಇನ್ನಷ್ಟು ಎತ್ತರಿಸಿ ಕಟ್ಟಿಕೊಟ್ಟಿದ್ದಾನೆ. ಪುಟಗಳನ್ನು ಪ್ರೆಸ್ಸಿಗೆ ಕಳಿಸುವ ಮುಂಚೆ ಕೊನೆಯ ಸಾಲುಗಳನ್ನು ಈಗ ನಾನೇ ಓದಿ ಹೇಳುತ್ತೇನೆ.

ಮೊನ್ನೆ ಇವರ ಕಣ್ಣಿಗೆ ಹನಿ ಹಾಕಿ ಎದ್ದಾಗ, ಪರದೆಯಲ್ಲಿ ಪುಟಗಳು ಮೊದಲಿಗಿಂತ ಒಂದು ಬೆರಳಷ್ಟು ಮೇಲೆ ಸರಿದಂತೆ ಕಂಡಿತು. ಪರದೆ ಎತ್ತರಿಸಿದ ಮೇಲೆ ಹಾಗೆ ಕಾಣುತ್ತದೋ, ಕೆಳಗೆ ಇನ್ನಷ್ಟು ಕಾಣದಾಗಿ ಅವರೇ ಸರಿಸಿದರೋ, ಕೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಒಗೆದ ಬಟ್ಟೆಯ ಬಕೆಟ್ ನಡುಮನೆಯ ನೆಲದಲ್ಲೇ ಬಿಟ್ಟಿದ್ದು ನೆನಪಾಯಿತು. ಅವರು ಎದ್ದು ಬರುವ ದಾರಿ ಅದು. ಓಡಿಹೋಗಿ ಎತ್ತಿಕೊಂಡು, ಒಣಹಾಕಲು ಮಹಡಿ ಹತ್ತಿದೆ.