ಕೌದಿಗೊಂದು ತುತ್ತು

ಯಾರಾದರೂ ಸಲಹೆ ಕೇಳಿದರೆ ಎದ್ದು ಒಳಗೆ ಹೋಗಿ ಚಹಾಕ್ಕೆ ಇಡುವುದು ನನ್ನ ರೂಢಿ. ಅದು ಕುದಿಯುವಷ್ಟರಲ್ಲಿ ಅವರೇ ಏನಾದರೊಂದು ನಿರ್ಧರಿಸಿರುತ್ತಾರೆ. ಮೊಮ್ಮಕ್ಕಳಲ್ಲಿ ಹಿರಿಯಳಾದ ನಿಮ್ಮ ಶಿಲ್ಪಕ್ಕ ಮಾತ್ರ ಹೋದ ಭಾನುವಾರ ಅಡುಗೆಮನೆಗೇ ಬೆನ್ನುಹತ್ತಿ ಬಂದಳು.

ಅವಳು ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತಾಳಲ್ಲ. ಯಂತ್ರದ ಕ್ಯಾಮೆರಾ ಕಪ್ಪು ಕಾಳನ್ನು ಗುರುತಿಸಿ ಹೊರಗೆ ಹಾರಿಸಬೇಕು. ಒಳ್ಳೆಯ ಕಾಳಿನ ನೆರಳೂ ಅದಕ್ಕೆ ಕಪ್ಪಾಗಿಯೇ ಕಂಡರೆ? ಇಂಥ ಒಗಟು ತಲೆ ಹೊಕ್ಕ ದಿನ ಅವಳ ತಾಟಿನಲ್ಲಿ ಸಾರು ಆರುತ್ತದೆ. ಈಗ ಬೇರೊಂದು ಕಂಪನಿ ಎರಡು ಪಟ್ಟು ಪಗಾರಕ್ಕೆ ಕರೆದಿದೆ. ಅಲ್ಲಿ ಯಾರೋ ಎಂದೋ ಬರೆದಿಟ್ಟ ಸಾಫ್ಟ್‌ವೇರ್ ನಿಲ್ಲದಂತೆ ಕಾಯಬೇಕು, ಅಷ್ಟೆ. ಹೊಸದೇನನ್ನೂ ಮಾಡುವಂತಿಲ್ಲ. ಸೋಮವಾರ ಉತ್ತರ ಹೇಳಬೇಕಿತ್ತು.

ಕಾಯುವುದು ಕೀಳು ಕೆಲಸವೇನಲ್ಲ. ಕಾಲುವೆ ನೀರಿನ ಪಾಳಿ ಬಂದಾಗ ನಿಮ್ಮ ಅಜ್ಜ ಬದುವಿನ ಮೇಲೆ ಸುಮ್ಮನೆ ಕೂತೇ ಗದ್ದೆ ಕಾಯುತ್ತಿದ್ದರು. ಆದರೆ ಅವರಿಗೆ ಮಾತಿಗೆ ಕಪ್ಪೆಗಳಾದರೂ ಇದ್ದವು.

“ನೀನಾಗಿದ್ರ ಏನ್ ಮಾಡ್ತಿದ್ದಿ, ಅಜ್ಜಿ?” ಎಂದಳು.

ಊರ ಸಾಲಿಯಷ್ಟೇ ಕಲಿತ ನನಗೆ ಗೊತ್ತಿರುವುದು ಹಳೇ ಬಟ್ಟೆ ಪದರಿಸಿ ಕೌದಿ ಹೊಲಿಯುವುದು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ತುತ್ತು ರೊಟ್ಟಿ ಇಡುತ್ತೇವೆ. ಹಸಿದ ಕೌದಿ ಹೊದ್ದವರನ್ನೂ ಹಸಿವಿನಲ್ಲಿಡುತ್ತದಂತೆ.

“ಮೊದಲ ಹೊಟ್ಟಿ ನೋಡವ್ವಾ. ಕೌದಿಗೂ ಹೊಟ್ಟಿ ಐತಿ,” ಎಂದೆ. ಸಲಹೆ ಕೊಟ್ಟ ಹೆಮ್ಮೆಯಲ್ಲಿ ಚಹಾ ಉಕ್ಕಿದ್ದು ಕಾಣಲಿಲ್ಲ.

ಶಿಲ್ಪಾ ಗ್ಯಾಸ್ ಆರಿಸಿದಳು. “ಒಂದು ತುತ್ತು ಇಡ್ತಿ ನೀ. ಒಳಗ ಒಂದ್ ಬುಟ್ಟಿ ರೊಟ್ಟಿ ತುಂಬಿದ್ರ ಹೊದ್ಕೊಳ್ಳೋದು ಹೆಂಗ?”

ಇದನ್ನು ನಾನೆಂದೂ ಯೋಚಿಸಿರಲಿಲ್ಲ. ಹಳೇ ಸೀರೆಯ ಯಾವ ತುಂಡಿನ ಪಕ್ಕ ಯಾವುದು ಹೊಂದುತ್ತದೆಂದು ನೆಲದ ತುಂಬ ಹರಡಿ ನೋಡುವಾಗ ನನಗೂ ಊಟ ಮರೆಯುತ್ತದೆ. ರೊಟ್ಟಿಯ ನೆನಪು ಕೊನೆಯ ಮೂಲೆಗೆ ಬಂದಾಗಲೇ. ಹಾಗೆಂದು ಇಡದೆ ಬಿಡುವಂತಿಲ್ಲ.

“ಈಗಿನ ಪಗಾರ ಒಂದು ತುತ್ತಾದ್ರೂ ಆಗ್ತೈತೇನು?” ಎಂದು ಕೇಳಿದೆ.

ಅವಳು ಉಗುರು ನೋಡಿಕೊಂಡಳು. “ಅರ್ಧ ತುತ್ತು.”

ಸೋಮವಾರ ಹೊಸ ಕಂಪನಿಗೆ ಒಲ್ಲೆನೆಂದಳು. ಅದೇ ದಿನ ತನ್ನ ಮಾಲಕರ ಮುಂದೆ ನಿಂತು ಉಳಿದರ್ಧ ಕೇಳಿದಳು. ಸುಗ್ಗಿ ಮುಗಿಯಲಿ ಎಂದಿದ್ದಾರೆ. ಕೊಡುತ್ತಾರೋ ಇಲ್ಲವೋ, ಕೇಳಿದ್ದಂತೂ ಆಯಿತು. ನನ್ನಿಂದ ಅದೂ ಆಗುತ್ತಿರಲಿಲ್ಲ.

ತುತ್ತೆಂದರೆ ಎಷ್ಟೆಂದು ನನ್ನವ್ವ ಹೇಳಿಕೊಟ್ಟಿರಲಿಲ್ಲ. ಅವಳ ಕೈಗೆ ಬಂದಷ್ಟು ಅವಳು ಇಟ್ಟಳು, ನನ್ನ ಕೈಗೆ ಬಂದಷ್ಟು ನಾನು. ಪಕ್ಕದವಳ ಕೈ ನೋಡಿ ಇಟ್ಟವರ ಕೌದಿ ಮಾತ್ರ ಆ ಮೂಲೆಯಲ್ಲಿ ಗಂಟಾಗಿ ಒತ್ತುತ್ತದೆ.