ಅಳೆಯದೆ ಬರೆದ ಏಳು ಗುಂಡುಗಳು

ಕಳೆದ ವಾರ ಪಕ್ಕದ ಮನೆಯ ಆಂಟಿ ಕೊಟ್ಟ ರಟ್ಟಿನ ಡಬ್ಬಿ ತೆರೆದಾಗ ಮೆಷಿನ್ ಎಣ್ಣೆಯ ವಾಸನೆ ಬಂತು. ಜೊತೆಗೇ ಅಮೆರಿಕದ ಜಾನ್ಸ್ ಕ್ರೀಕ್‌ನ ಅವರ ಗ್ಯಾರೇಜು, ಮೇಜಿಗೆ ಬಾಗಿ ಕೂತ ಅವರ ಗಂಡ, ನನ್ನ ಅಂಕಲ್, ನೆನಪಾದರು. ಅವರು ನೀಲಿ ಸ್ವೆಟರ್ ಹಾಕಿದ್ದರು ಎಂದು ಬರೆದು ಅಳಿಸಿದೆ. ಸ್ವೆಟರ್ ನನಗೆ ನೆನಪಿಲ್ಲ. ವಾಕ್ಯಕ್ಕೆ ಬೇಕಿತ್ತು, ಅಷ್ಟೆ.

ಹುಬ್ಬಳ್ಳಿ ಕಡೆಯವರು, ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಗುರಿ ಹೊಡೆಯುವುದು ಅವರ ಹವ್ಯಾಸ. ಹಾರಿಸಿದ ತೋಟಾಗಳ ಖಾಲಿ ಕೋಶಗಳಿಗೆ ಮನೆಯಲ್ಲೇ ಮದ್ದು ತುಂಬಿ ಹೊಸ ಗುಂಡು ಕೂರಿಸುತ್ತಿದ್ದರು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಗುಂಡಿನ ಉದ್ದ ಕೊಟ್ಟರೆ ಒಳಗೆ ಎಷ್ಟು ಜಾಗ ಉಳಿಯುತ್ತದೆ, ಒತ್ತಡ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಉದ್ದ ತಪ್ಪಿದರೆ ಲೆಕ್ಕವೂ ತಪ್ಪು. ಒತ್ತಡ ಹೆಚ್ಚಾಗಿ ಬಂದೂಕೇ ಹಿಡಿದವನ ಮುಖದ ಹತ್ತಿರ ಸಿಡಿಯಬಹುದು.

ಕೋವಿಡ್ ಕಾಲದಲ್ಲಿ ಅಂಗಡಿಗಳು ಖಾಲಿಯಾಗಿ, ಜನ ಹೆಸರೇ ಕೇಳದ ಕಂಪನಿಗಳ ಗುಂಡು ಕೊಂಡರು. ಅವುಗಳ ಅಳತೆ ಸಾಫ್ಟ್‌ವೇರಿನ ಪಟ್ಟಿಯಲ್ಲಿರಲಿಲ್ಲ. ಯಾರಾದರೂ ಅಳೆದು ಕಳಿಸಿದರೆ ಸಾಫ್ಟ್‌ವೇರಿನವರು ಸೇರಿಸುತ್ತಿದ್ದರು. ಅಷ್ಟು ಹೊತ್ತಿಗೆ ಅಂಕಲ್‌ಗೆ ದೃಷ್ಟಿ ಮಂಜಾಗಿ ಗುರಿ ಹೊಡೆಯುವುದು ನಿಂತಿತ್ತು. ಅಳೆಯುವುದು ನಿಲ್ಲಲಿಲ್ಲ. ಉದ್ದ ಅಳೆಯುವ ಕ್ಯಾಲಿಪರಿನ ದವಡೆ ಗುಂಡಿಗೆ ಸರಿಯಾಗಿ ತಾಗಿದ್ದು ಅವರ ಬೆರಳಿಗೆ ತಿಳಿಯುತ್ತಿತ್ತು. ಅಂಕಿ ಓದಿ ಬರೆದುಕೊಳ್ಳುವುದು ನನ್ನ ಕೆಲಸ. ಪ್ರತಿ ಡಬ್ಬಿಯಿಂದ ಹತ್ತು ಗುಂಡು.

"ಅಕ್ಕಿಯೊಳಗ ಕಲ್ಲು ಆರಸ್ರಿ ಅಂದ್ರ ಕಣ್ಣು ಕಾಣಂಗಿಲ್ಲ," ಎನ್ನುತ್ತಿದ್ದರು ಆಂಟಿ. "ಇದಕ್ಕ ಮಾತ್ರ ಪಕ್ಕದ್ಮನಿ ಕಣ್ಣು ತಂದ್ಕೋತಾರ."

ಒಂದು ಮಧ್ಯಾಹ್ನ ಮೂರು ಗುಂಡು ಅಳೆದ ಮೇಲೆ ಅಂಕಲ್‌ಗೆ ಡಾಕ್ಟರ ಫೋನು ಬಂತು. ಉಳಿದ ಏಳನ್ನು ನನಗೆ ಬಿಟ್ಟು ಒಳಗೆ ಹೋದರು. ನಾನು ಮೊದಲ ಮೂರರ ಆಸುಪಾಸಿನ ಏಳು ಅಂಕಿ ಬರೆದು, ಪಟ್ಟಿಯನ್ನು ಕಳಿಸಿಯೂ ಬಿಟ್ಟೆ. ಆಫೀಸಿನ ಮೀಟಿಂಗ್ ಇತ್ತೋ, ಬರೀ ಬೇಸರವೋ...

ಮುಂದಿನ ಭಾನುವಾರ ಪಟ್ಟಿ ಓದಿಸಿದರು. ಕಣ್ಣು ಮುಚ್ಚಿ ಕೇಳಿದರು.

"ತಮ್ಮಾ, ಅಳದಿಯೋ, ಬರೇ ಬರದಿಯೋ?"

"ಯಾಕೆ ಅಂಕಲ್?"

"ಹತ್ತೂ ಇಷ್ಟು ಹತ್ರ ಹತ್ರ? ಗುಂಡು ಮಾಡೋ ಮಷೀನು ಇಷ್ಟು ಶ್ಯಾಣ್ಯಾ ಇರಂಗಿಲ್ಲಪಾ."

"ಮೂರೇ ಅಳೆದಿದ್ದು," ಎಂದೆ.

ಬೈಯಲಿಲ್ಲ. "ಮೊದಲ ಅದನ್ನ ತಗಸು. ಚಹಾ ಆಮ್ಯಾಲ."

ಸಾಫ್ಟ್‌ವೇರಿನವರಿಗೆ ನನ್ನ ಹೆಸರಲ್ಲೇ ಬರೆಸಿದರು: ಏಳು ಅಂಕಿ ನಾನು ಊಹಿಸಿದ್ದು, ದಯವಿಟ್ಟು ಬಳಸಬೇಡಿ. ಎರಡು ದಿನ ಉತ್ತರವಿಲ್ಲ. ಬೇಲಿಯ ಆಚೆಯಿಂದ ಅವರು ಕೇಳುತ್ತಲೇ ಇದ್ದರು, "ಬಂತೇನು?" ಆ ಎರಡು ದಿನ, ಆ ಅಂಕಿ ನಂಬಿ ಎಲ್ಲೋ ಮದ್ದು ತುಂಬುತ್ತಿರಬಹುದಾದ ಒಬ್ಬನ ಕೈ ನನ್ನ ಕಣ್ಣಿಗೆ ಕಟ್ಟಿತ್ತು. ಮೂರನೇ ದಿನ ಉತ್ತರ ಬಂತು: ಇನ್ನೂ ಸೇರಿಸಿಲ್ಲ.

ಹತ್ತನ್ನೂ ಮತ್ತೆ ಅಳೆದೆವು. ನಾನು ಬಿಟ್ಟ ಏಳರಲ್ಲಿ ಎರಡು ಎದ್ದು ಕಾಣುವಷ್ಟು ಉದ್ದ. ಬೇರೆ ಅಚ್ಚಿನವು ಬೆರೆತಿದ್ದವು. ಅದನ್ನೂ ಬರೆದು ಕಳಿಸಿದೆವು. ಅಂಕಲ್ ಆಗ ಏನೋ ಅಂದರು... ಒಳ್ಳೆಯ ಮಾತೊಂದನ್ನು ಅವರ ಬಾಯಲ್ಲಿ ಇಡಬಲ್ಲೆ. ಇಡುವುದಿಲ್ಲ.

ಅಂಕಲ್ ತೀರಿಹೋಗಿ ನಾಲ್ಕು ತಿಂಗಳಾಯಿತು. ಮಗಳ ಜೊತೆ ಇರಲು ಫೇರ್‌ಫ್ಯಾಕ್ಸ್‌ಗೆ ಹೊರಟ ಆಂಟಿ, ಅಳೆಯದೆ ಉಳಿದ ಗುಂಡುಗಳನ್ನೂ ಕ್ಯಾಲಿಪರನ್ನೂ ನನಗೆ ಕೊಟ್ಟರು. ನಿನ್ನೆ ನಾಲ್ಕು ಅಳೆದೆ. ಒಂದೇ ಗುಂಡಿಗೆ ಮೂರು ಸಲ ಮೂರು ಅಂಕಿ ಬಂತು. ದವಡೆ ಒತ್ತಿದ್ದು ಹೆಚ್ಚಾಯಿತೋ, ಸಾಲಲಿಲ್ಲವೋ, ಕೇಳಲು ಯಾರೂ ಇಲ್ಲ. ಬರೆದ ನಾಲ್ಕು ಅಂಕಿಗಳನ್ನೂ ಹೊಡೆದುಹಾಕಿದೆ. ಇವತ್ತು ಮತ್ತೆ ಮೊದಲನೆಯ ಗುಂಡಿನಿಂದ.